ಸರಾಸರಿ ಪ್ರಜೆ ದಂಗೆ ಏಳುವುದಿಲ್ಲ

9 ಮಾರ್ಚ್ 2025, ಭಾನುವಾರ

ಸ್ಟ್ರಾಟೆಜಿ ಗೇಮ್‌ಗಳಲ್ಲಿ ಸೈನ್ಯದ ಲೆಕ್ಕ ಪಕ್ಕಾ ಇರುತ್ತದೆ. ಯಾವ ತುಕಡಿಗೆ ಎಷ್ಟು ಬಲ, ಯಾವ ನೆಲದಲ್ಲಿ ಎಷ್ಟು ದೂರ ನಡೆಯುತ್ತದೆ, ಎಲ್ಲಕ್ಕೂ ಅಂಕಿ ಉಂಟು. ಆ ಸೈನ್ಯವನ್ನು ಸಾಕುವ ಜನ ಮಾತ್ರ ಎಷ್ಟೋ ಆಟಗಳಲ್ಲಿ ಪರದೆಯ ಮೂಲೆಯಲ್ಲಿರುವ ಒಂದು ನಗುಮುಖ, ಅದರ ಪಕ್ಕದಲ್ಲೊಂದು ಸಂಖ್ಯೆ. 2010ರ ಸಿವಿಲೈಸೇಶನ್ 5ರಲ್ಲಿ ಇಡೀ ಸಾಮ್ರಾಜ್ಯದ ಸಂತೋಷಕ್ಕೆ ಒಂದೇ ಖಾತೆ. ಒಂದೂರಿನಲ್ಲಿ ಕಟ್ಟಿದ ಕ್ರೀಡಾಂಗಣ ಸಾಮ್ರಾಜ್ಯದ ಇನ್ನೊಂದು ತುದಿಯ ಸಿಟ್ಟನ್ನು ಇಳಿಸುತ್ತದೆ. ಆಡುವುದಕ್ಕೆ ಸಲೀಸು, ನಿಜ. ಆದರೆ ಅಲ್ಲಿರುವುದು ಸಮಾಜವಲ್ಲ, ಬ್ಯಾಂಕ್ ಬ್ಯಾಲೆನ್ಸ್.

ಸರಾಸರಿ ಹೇಗೆ ದಾರಿ ತಪ್ಪಿಸುತ್ತದೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಪ್ರಾಂತ್ಯದಲ್ಲಿ 600 ಕೂಲಿಗಳು, 100 ಜಮೀನ್ದಾರರು ಇದ್ದಾರೆ ಎಂದುಕೊಳ್ಳಿ. ಕೂಲಿಯ ತಿಂಗಳ ಆದಾಯ 10 ನಾಣ್ಯ, ತೆರಿಗೆ 2, ಆಹಾರಕ್ಕೆ 6, ಉಳಿಯುವುದು 2. ಜಮೀನ್ದಾರನಿಗೆ ಆದಾಯ 50, ತೆರಿಗೆ 10, ಆಹಾರಕ್ಕೆ 8, ಉಳಿಯುವುದು 32. ಈಗ ಧಾನ್ಯದ ಬೆಲೆ ಶೇ. 40ರಷ್ಟು ಏರಿತು. ಜಮೀನ್ದಾರನ ಕೈಯಲ್ಲಿ ಇನ್ನೂ 28.8 ನಾಣ್ಯ ಉಳಿದಿದೆ. ಕೂಲಿಗೆ ಊಟದ ಖರ್ಚೇ 8.4 ಆಯಿತು, ಇರುವುದು 8. ಆದರೂ ಪ್ರಾಂತ್ಯದ ಸರಾಸರಿ ಉಳಿತಾಯ ತಲೆಗೆ 3.77 ನಾಣ್ಯ ಎಂದು ತೋರುತ್ತದೆ. ಏಳು ಜನರಲ್ಲಿ ಆರು ಜನರಿಗೆ ಹೊಟ್ಟೆ ತುಂಬದಿರುವಾಗ ಪರದೆಯ ಮೇಲೆ ಹಸಿರು ಬಣ್ಣ. ಇಂಥ ಆಟದಲ್ಲಿ ದಂಗೆ ಎದ್ದರೆ ಆಟಗಾರನಿಗೆ ಅದು ಮೋಸ ಅನಿಸುತ್ತದೆ. ಏಳದಿದ್ದರೆ ಅದು ಅದಕ್ಕಿಂತ ದೊಡ್ಡ ಮೋಸ.

ಹಾಗಾದರೆ ಆಟ ಕಟ್ಟುವವರು ಒಬ್ಬೊಬ್ಬ ಪ್ರಜೆಯನ್ನೂ ಬೇರೆಬೇರೆಯಾಗಿ ನಡೆಸಬೇಕೇ? ನಗರ ಕಟ್ಟುವ ಆಟಗಳು ಆ ದಾರಿ ಹಿಡಿದು ನೋಡಿವೆ. 2013ರ ಸಿಮ್‌ಸಿಟಿಯಲ್ಲಿ ಜನ ಬೆಳಿಗ್ಗೆ ಹತ್ತಿರದಲ್ಲಿ ಖಾಲಿ ಇರುವ ಕೆಲಸಕ್ಕೆ ಹೋಗಿ, ಸಂಜೆ ಹತ್ತಿರದಲ್ಲಿ ಖಾಲಿ ಇರುವ ಮನೆಗೆ ಬರುತ್ತಿದ್ದರು. ಯಾರಿಗೂ ತನ್ನದು ಅನ್ನುವ ಮನೆಯಿಲ್ಲ. 2015ರ ಸಿಟೀಸ್: ಸ್ಕೈಲೈನ್ಸ್‌ನಲ್ಲಿ ಹೊಸ ಬಡಾವಣೆಗೆ ಒಟ್ಟಿಗೆ ಬಂದವರ ವಯಸ್ಸು ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ ಸಾವೂ ಒಟ್ಟಿಗೆ ಬರುತ್ತಿತ್ತು. ಆಮೇಲೆ ಊರಿನ ಶವವಾಹನಗಳು ಸಾಲದೆ ಹೋಗುತ್ತಿದ್ದವು. ವಲಸೆ ಬರುವವರ ವಯಸ್ಸನ್ನು ಮೊದಲೇ ಹರಡಿಬಿಟ್ಟರೆ ಈ ಅಲೆ ಬಹುಪಾಲು ತಗ್ಗುತ್ತದೆ. ರಸ್ತೆ, ಮನೆ, ಅಂಗಡಿಗಳ ಆಟಕ್ಕೆ ಈ ಮಾದರಿ ಸರಿ. ಒಂದು ದೇಶವನ್ನೇ ನೂರು ವರ್ಷ ನಡೆಸುವ ಆಟಕ್ಕೆ ಇದು ಬೇಡ.

ಅದಕ್ಕೆ ಹೊಂದುವುದು ಗುಂಪಿನ ಮಾದರಿ, ವಿಕ್ಟೋರಿಯಾ ಎಂಬ ಆಟಗಳ ಸರಣಿ ಬೆಳೆಸಿದಂಥದ್ದು. ಒಂದೇ ಊರು, ಒಂದೇ ಕಸುಬು, ಒಂದೇ ಭಾಷೆ, ಒಂದೇ ಧರ್ಮದವರು ಸೇರಿ ಒಂದು ಗುಂಪು. ಬೇಕು ಎನ್ನುವುದಕ್ಕೆ ಮೂರು ಮೆಟ್ಟಿಲು: ಬದುಕಲು ಬೇಕಾದದ್ದು, ದಿನಬಳಕೆಯದು, ಐಷಾರಾಮದ್ದು. ಹಣವನ್ನು ಈ ಕ್ರಮದಲ್ಲೇ ಖರ್ಚು ಮಾಡಿಸಬೇಕು. ಕ್ರಮ ತಪ್ಪಿದರೆ ಹಸಿದ ಗುಂಪು ರೇಷ್ಮೆ ಕೊಳ್ಳುತ್ತಾ ಕೂರುತ್ತದೆ.

ಗುಂಪಿನ ಮಾದರಿಗೂ ಅದರದೇ ರೋಗಗಳಿವೆ. 12 ಕಸುಬು, 8 ಭಾಷೆ, 4 ಧರ್ಮ, 50 ಪ್ರಾಂತ್ಯ ಎಂದರೆ 19,200 ಗುಂಪುಗಳಾದವು. ಅರ್ಧಕ್ಕರ್ಧ ಗುಂಪುಗಳಲ್ಲಿ ಮೂರು ಮತ್ತೊಂದು ಜನ. ಐದಕ್ಕಿಂತ ಕಡಿಮೆ ಇರುವವರನ್ನು ಅದೇ ಊರಿನ ಹತ್ತಿರದ ಗುಂಪಿಗೆ ಸೇರಿಸಿ, ಆದರೆ ಒಟ್ಟು ತಲೆ ಎಣಿಕೆ ಒಂದೂ ಕಮ್ಮಿಯಾಗಬಾರದು. ಇನ್ನೊಂದು ರೋಗ ಬೇಗ ಕಣ್ಣಿಗೆ ಬೀಳುವುದಿಲ್ಲ. ತಿಂಗಳಿಗೆ ಶೇ. 3ರಷ್ಟು ಜನ ಪಟ್ಟಣಕ್ಕೆ ವಲಸೆ ಹೋಗಬೇಕು ಎನ್ನುವುದು ನಿಯಮ. 7 ಜನರ ಗುಂಪಿನಲ್ಲಿ ಅದು 0.21. ಕೆಳಗಿನ ಪೂರ್ಣಾಂಕಕ್ಕೆ ಇಳಿಸಿದರೆ ಸೊನ್ನೆ, ಆ ಏಳು ಜನ ಯುಗಾಂತರದವರೆಗೂ ಅಲ್ಲೇ. ಪ್ರತಿ ಸಲ ಮೇಲಕ್ಕೆ ಏರಿಸಿದರೆ ಏಳೇ ತಿಂಗಳಲ್ಲಿ ಗುಂಪು ಖಾಲಿ. ಶೇ. 21ರ ಸಾಧ್ಯತೆಯಲ್ಲಿ ಒಬ್ಬನನ್ನು ಕಳಿಸುವುದು ಸರಿಯಾದ ಮದ್ದು.

ಇನ್ನು ಸಿಟ್ಟು. ಇದನ್ನು ಆಯಾ ತಿಂಗಳ ಆದಾಯದಿಂದ ನೇರವಾಗಿ ಲೆಕ್ಕ ಹಾಕಿದರೆ ಆಟಗಾರ ಎರಡು ವರ್ಷ ಹಿಂಡಿ, ಚುನಾವಣೆಯ ಹಿಂದಿನ ತಿಂಗಳು ತೆರಿಗೆ ಇಳಿಸಿ ಗೆಲ್ಲುತ್ತಾನೆ. ಸಿಟ್ಟಿಗೆ ನೆನಪಿರಬೇಕು. ಏರುವಾಗ ಪ್ರತಿ ತಿಂಗಳು ಈಗಿನ ಸಿಟ್ಟಿಗೂ ಅದು ಮುಟ್ಟಬೇಕಾದ ಮಟ್ಟಕ್ಕೂ ಇರುವ ಅಂತರದ ನಾಲ್ಕನೇ ಒಂದು ಭಾಗ, ಇಳಿಯುವಾಗ ಹನ್ನೆರಡನೇ ಒಂದು ಭಾಗ, ಇದು ಶುರುಮಾಡಲು ಒಳ್ಳೆಯ ಅಳತೆ. 20ರಲ್ಲಿದ್ದ ಸಿಟ್ಟು 80ಕ್ಕೆ ಹೊರಟರೆ ಮೊದಲ ತಿಂಗಳೇ 35, ಎರಡನೆಯ ತಿಂಗಳು 46 ದಾಟುತ್ತದೆ. 80ರಿಂದ 20ಕ್ಕೆ ಇಳಿಯಲು ಹೊರಟಾಗ ಮೊದಲ ತಿಂಗಳು ಸಿಗುವುದು ಬರೀ 75.

ಆದರೆ ಸಿಟ್ಟು ಇದ್ದ ಮಾತ್ರಕ್ಕೆ ಜನ ಬೀದಿಗೆ ಬರುವುದಿಲ್ಲ. ಆಟಗಳು ಎಡವುವುದು ಹೆಚ್ಚಾಗಿ ಇಲ್ಲೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಕೊಟ್ಟ ಉದಾಹರಣೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಚೌಕದಲ್ಲಿ 100 ಜನ. ಒಬ್ಬ ಯಾರಿಗೂ ಕಾಯದೆ ಕಲ್ಲು ಎತ್ತುತ್ತಾನೆ. ಎರಡನೆಯವನಿಗೆ ಒಬ್ಬನಾದರೂ ಮುಂದೆ ಬಂದಿರಬೇಕು, ಮೂರನೆಯವನಿಗೆ ಇಬ್ಬರು, ಹೀಗೇ ಕೊನೆಯವನಿಗೆ 99 ಜನ. ಒಬ್ಬರ ಹಿಂದೆ ಒಬ್ಬರು ಸೇರಿ ನೂರೂ ಜನ ದಂಗೆಯಲ್ಲಿ. ಈಗ ಒಬ್ಬನಿಗೆ ಕಾಯುತ್ತಿದ್ದವನನ್ನು ಇಬ್ಬರಿಗೆ ಕಾಯುವವನನ್ನಾಗಿ ಮಾಡಿ. ಮೊದಲನೆಯವನು ಕಲ್ಲು ಎತ್ತುತ್ತಾನೆ, ಜೊತೆಗೆ ಯಾರೂ ಬರುವುದಿಲ್ಲ. ಸರಾಸರಿ 49.5 ಇದ್ದದ್ದು 49.51 ಆಯಿತು, ಅಷ್ಟೇ. ಒಂದು ಕಡೆ ನೂರು ಜನರ ದಂಗೆ, ಇನ್ನೊಂದು ಕಡೆ ಒಂಟಿ ಮನುಷ್ಯ.

ಕೋಡ್‌ನಲ್ಲಿ ಇದಕ್ಕೆ ದೊಡ್ಡ ಖರ್ಚಿಲ್ಲ. ಪ್ರತಿ ಗುಂಪಿಗೆ ಹತ್ತು ಡಬ್ಬಿ ಇಟ್ಟು, ಎಷ್ಟು ಶೇಕಡಾ ಜನ ಬೀದಿಗಿಳಿದರೆ ತಾನೂ ಇಳಿಯುತ್ತೇನೆ ಎನ್ನುವ ಪ್ರಕಾರ ಜನರನ್ನು ಹಂಚಿ: 0, 1, 2, 5, 10, 20, 35, 50, 75, 100. ಡಬ್ಬಿಗಳು ಕೆಳಗಡೆ ಒತ್ತಾಗಿರಲಿ, ಏಕೆಂದರೆ ಬೆಂಕಿ ಹತ್ತುತ್ತದೋ ನಂದುತ್ತದೋ ಎನ್ನುವುದು ತೀರ್ಮಾನವಾಗುವುದು ಅಲ್ಲೇ. ಬೀದಿಯಲ್ಲಿರುವವರ ಪಾಲನ್ನು ಎಣಿಸಿ, ಮಿತಿ ಮುಟ್ಟಿದವರನ್ನು ಸೇರಿಸಿ, ಮತ್ತೆ ಎಣಿಸಿ. ಸಂಖ್ಯೆ ಬದಲಾಗದಿದ್ದರೆ ನಿಲ್ಲಿಸಿ. ಹತ್ತು ಸುತ್ತು ಸಾಕು.

ಇದರ ಮೇಲೆ ಭಯವನ್ನು ಕೂಡಿಸಬೇಕು. ಸಂಶೋಧಕ ಜೋಶುವಾ ಎಪ್‌ಸ್ಟೈನ್ 2002ರಲ್ಲಿ ಪ್ರಕಟಿಸಿದ ದಂಗೆಯ ಕಂಪ್ಯೂಟರ್ ಮಾದರಿಯಲ್ಲಿ ಅಸಮಾಧಾನ ಎಂದರೆ ಕಷ್ಟ ಗುಣಿಸು ಸರ್ಕಾರದ ಮೇಲೆ ಕಳೆದುಹೋದ ನಂಬಿಕೆ. ನಂಬಿಕೆ ಪೂರ್ತಿ ಇದ್ದರೆ ಎಷ್ಟೇ ಕಷ್ಟವಿದ್ದರೂ ಅಸಮಾಧಾನ ಸೊನ್ನೆ. ಬರಗಾಲಕ್ಕೂ ಲೂಟಿಗೂ ಜನ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ ಎನ್ನುವುದನ್ನು ಈ ಒಂದು ಗುಣಾಕಾರ ಹಿಡಿದಿಡುತ್ತದೆ. ಬಂಧನದ ಭಯ ನಿಂತಿರುವುದು ಪೊಲೀಸರಿಗೂ ದಂಗೆಕೋರರಿಗೂ ಇರುವ ಅನುಪಾತದ ಮೇಲೆ. ಒಬ್ಬನಿಗೆ ಒಬ್ಬ ಪೊಲೀಸ್ ಇದ್ದರೆ ಸಿಕ್ಕಿಬೀಳುವ ಅಂದಾಜು ಸುಮಾರು ಶೇ. 90. ಹತ್ತು ಜನರಿಗೆ ಒಬ್ಬನಾದರೆ ಅದೇ ಸೂತ್ರದಲ್ಲಿ ಸುಮಾರು ಶೇ. 20ಕ್ಕೆ ಕುಸಿಯುತ್ತದೆ. ಪೊಲೀಸರು ಅಷ್ಟೇ ಇದ್ದಾರೆ, ಗುಂಪು ಬೆಳೆದದ್ದೇ ಧೈರ್ಯವಾಯಿತು. ಬೀದಿಯಲ್ಲಿ ಯಾರೂ ಇಲ್ಲದಾಗ ಸೊನ್ನೆಯಿಂದ ಭಾಗಿಸುವ ತೊಂದರೆ ಬರುತ್ತದೆ, ಹಾಗಾಗಿ ಯೋಚಿಸುತ್ತಿರುವವನು ತನ್ನನ್ನೂ ಸೇರಿಸಿ ಎಣಿಸಬೇಕು.

ಒಂದು ಎಚ್ಚರ. ಈ ಮಿತಿಗಳನ್ನು ಭಾಷೆಗೋ ಧರ್ಮಕ್ಕೋ ಅಂಟಿಸಬೇಡಿ. ‘ಈ ಜನ ಹುಟ್ಟಾ ಜಗಳಗಂಟರು’ ಎಂದು ಟೇಬಲ್‌ನಲ್ಲಿ ಬರೆದಿಟ್ಟರೆ ಆಟ ಅದನ್ನು ಸಾವಿರಾರು ಜನರಿಗೆ ಸತ್ಯ ಎಂಬಂತೆ ಕಲಿಸುತ್ತದೆ. ವ್ಯತ್ಯಾಸ ಹುಟ್ಟಬೇಕಾದದ್ದು ಕೂಲಿಯಿಂದ, ಕಾನೂನಿನಿಂದ, ಹಿಂದೆ ಆದ ಅನ್ಯಾಯದ ನೆನಪಿನಿಂದ. ಆಟಗಾರ ಗುಂಪಿನ ಮೇಲೆ ಮೌಸ್ ಇಟ್ಟಾಗ ಸಿಟ್ಟಿನ ಮೂರು ದೊಡ್ಡ ಕಾರಣಗಳು ಅಂಕಿಯ ಸಮೇತ ಕಾಣಲಿ: ಧಾನ್ಯದ ಬೆಲೆ 18, ತೆರಿಗೆ 9, ಮತದಾನದ ಹಕ್ಕಿಲ್ಲದ್ದಕ್ಕೆ 7, ಹೀಗೆ.

ಮಾದರಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಒಂದು ಪರೀಕ್ಷೆ ಉಂಟು. ಒಂದೇ ಸೇವ್ ಫೈಲ್‌ನ ಎರಡು ಪ್ರತಿ ತೆಗೆದು, ಒಂದರಲ್ಲಿ ಸರ್ಕಾರದ ಮೇಲಿನ ನಂಬಿಕೆಯನ್ನು ಒಂದೇ ಏಟಿಗೆ 20 ಅಂಶ ಇಳಿಸಿ, ಇನ್ನೊಂದರಲ್ಲಿ ತಿಂಗಳಿಗೆ ಒಂದರಂತೆ 20 ತಿಂಗಳು. ಮೊದಲನೆಯದರಲ್ಲಿ ಬಹಳ ಜನ ಒಟ್ಟಿಗೆ ಬೀದಿಗಿಳಿದು ಪೊಲೀಸರ ಕೈ ಮೀರಬೇಕು. ಎರಡನೆಯದರಲ್ಲಿ ಮುಂಗೋಪಿಗಳು ಒಬ್ಬೊಬ್ಬರಾಗಿ ಹೊರಬಂದು ಜೈಲು ಸೇರುತ್ತಾರೆ, ಉಳಿದವರಿಗೆ ಗುಂಪೇ ಕಾಣುವುದಿಲ್ಲ. ಎಪ್‌ಸ್ಟೈನ್ ಮಾದರಿಯಲ್ಲಿ ಬರುವುದೂ ಇದೇ ವ್ಯತ್ಯಾಸ. ಎರಡೂ ಪ್ರತಿಗಳು ಒಂದೇ ಥರ ನಡೆದರೆ ಪೊಲೀಸರ ಸಂಖ್ಯೆಯನ್ನು ಭಾಗಿಸುವ ಸಾಲನ್ನು ಮೊದಲು ತೆರೆದು ನೋಡಿ: ದಂಗೆಕೋರರ ಸಂಖ್ಯೆ ಇರಬೇಕಾದ ಜಾಗದಲ್ಲಿ ಊರಿನ ಒಟ್ಟು ಜನಸಂಖ್ಯೆ ಕೂತಿರಬಹುದು.