ಕೆಲಸ ಬಂತು, ಮನೆ ಬರಲಿಲ್ಲ

ಊರಿಗೆ ದೊಡ್ಡ ಕಂಪನಿ ಬರುತ್ತದೆ ಎಂಬ ಸುದ್ದಿ ಓದಿದಾಗಲೆಲ್ಲ ನನಗೀಗ ಮೊದಲು ನೆನಪಾಗುವುದು ಬಾಡಿಗೆ ಕರಾರು. ಇವತ್ತು ನನ್ನದನ್ನು ನವೀಕರಿಸಿದೆ. ಮೊತ್ತ ನೋಡಿ ಸಹಿ ಹಾಕುವ ಕೈ ಒಂದು ಕ್ಷಣ ತಡೆಯಿತು.

ಉದ್ಯೋಗವೇ ಬೇಡ ಎನ್ನುವಷ್ಟು ಮೂರ್ಖ ನಾನಲ್ಲ. ಆದರೆ ನೇಮಕಾತಿ ಪತ್ರ ವಾರದಲ್ಲಿ ಸಿದ್ಧವಾಗುತ್ತದೆ. ಮನೆಗೆ ಜಾಗ, ಪರವಾನಗಿ, ಸಾಲ, ನೀರು, ಒಳಚರಂಡಿ ಎಂದು ವರ್ಷಗಳೇ ಹಿಡಿಯುತ್ತವೆ. ಅಷ್ಟರವರೆಗೆ ಹೊಸಬರೂ ಹಳಬರೂ ಈಗಾಗಲೇ ಇರುವ ಮನೆಗಳಿಗೇ ಪೈಪೋಟಿ ನಡೆಸಬೇಕು. ಮಾಲೀಕರು ಹೊಸ ಟೈಲ್ಸ್ ಹಾಕಿಸಿ ಗೋಡೆಗೆ ಬಣ್ಣ ಬಳಿಸಿದರೆ ಮುಗಿಯಿತು, ಅಗ್ಗದ ಮನೆಯೊಂದು ಮಾಯ.

ದೊಡ್ಡ ಸಂಬಳದವರು ಬಂದರೆ ಕಾವಲುಗಾರರು, ಅಡುಗೆಯವರು, ಚಾಲಕರೂ ಬೇಕಾಗುತ್ತಾರೆ. ಅವರಿಗೂ ಕೆಲಸ ಹೆಚ್ಚುತ್ತದೆ ನಿಜ, ಕೂಲಿ ಮಾತ್ರ ಬಾಡಿಗೆಯ ವೇಗದಲ್ಲಿ ಓಡುವುದಿಲ್ಲ. ಆದಾಯದ ಶೇ 30ಕ್ಕಿಂತ ಹೆಚ್ಚು ಮನೆಗೇ ಹೋದರೆ ಅದು ಹೊರೆ ಎಂಬ ಅಳತೆಗೋಲು ಹಲವು ಕಡೆ ಬಳಕೆಯಲ್ಲಿದೆ. (ನಾನು ಲೆಕ್ಕ ಹಾಕಿದೆ, ಹಾಕಬಾರದಿತ್ತು.) ಆ ಮಿತಿಯೊಳಗೆ ಬದುಕಲು ನಗರದ ಅಂಚಿಗೆ ಹೋದರೆ, ಬಾಡಿಗೆಯಲ್ಲಿ ಉಳಿಸಿದ ಹಣ ಬಸ್ಸಿನ ಪಾಲಾಗುತ್ತದೆ, ಜೊತೆಗೆ ನಿದ್ದೆಯೂ.

ನಮ್ಮ ಕಚೇರಿ ಗುಡಿಸುವಾಕೆ ಇಂದೂ ಎರಡು ಬಸ್ ಬದಲಿಸಿ, ನನಗಿಂತ ಮೊದಲೇ ಬಂದಿದ್ದರು.