ತುಟಿ ಹತ್ತಿರದ ಆ ಅಂಕಿ ನೋಡಿದಿರಾ?

ನಾನು ಶಿವಮೊಗ್ಗದಲ್ಲಿ ಐಸಿಯು ನರ್ಸ್. ಹೊಸಬರು ಡ್ಯೂಟಿಗೆ ಬಂದ ತಕ್ಷಣ ಮಾನಿಟರ್ ನೋಡುತ್ತಾರೆ. ನಾನು ಅವರನ್ನು ಮೊದಲು ಪೇಷಂಟ್ ಬಾಯಿ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬಾಯಿಂದ ಶ್ವಾಸನಾಳಕ್ಕೆ ಇಳಿಸಿರುವ ಉಸಿರಿನ ಟ್ಯೂಬ್ ಮೇಲೆ ಸೆಂಟಿಮೀಟರ್ ಗುರುತು ಇರುತ್ತದೆ. ದೊಡ್ಡವರಾದರೆ ಹಲ್ಲಿನ ಹತ್ತಿರ ಹೆಂಗಸರಿಗೆ 21, ಗಂಡಸರಿಗೆ 23ರ ಆಸುಪಾಸು ಇರಬೇಕು. ಎಷ್ಟಕ್ಕೆ ಕಟ್ಟಿದ್ದರು, ಈಗ ಎಷ್ಟಿದೆ? ಇದನ್ನು ನೋಡದೆ ಡ್ಯೂಟಿ ವಹಿಸಿಕೊಳ್ಳಲೇಬೇಡಿ.

ಟ್ಯೂಬ್ ಹಾಕುವುದು ಡಾಕ್ಟರ ಕೆಲಸ, ಕೆಲವೇ ನಿಮಿಷದ್ದು. ಅದು ಇದ್ದ ಜಾಗದಲ್ಲೇ ಇರುವಂತೆ ಹಗಲೂ ರಾತ್ರಿ ಕಾಯುವುದು ನಮ್ಮ ಕೆಲಸ. ದೊಡ್ಡವರ ಶ್ವಾಸನಾಳ ಇರುವುದೇ 10-12 ಸೆಂಟಿಮೀಟರ್. ಗದ್ದ ಎದೆ ಕಡೆ ಬಾಗಿದರೆ ಟ್ಯೂಬಿನ ತುದಿ ಸುಮಾರು 2 ಸೆಂಟಿಮೀಟರ್ ಕೆಳಗಿಳಿಯುತ್ತದೆ, ತಲೆ ಹಿಂದಕ್ಕೆ ವಾಲಿದರೆ ಅಷ್ಟೇ ಮೇಲೆ ಬರುತ್ತದೆ. ಜಾಸ್ತಿ ಇಳಿದರೆ ಶ್ವಾಸನಾಳದ ಬಲಗಡೆ ಕವಲಿಗೆ ಹೋಗಿಬಿಡುತ್ತದೆ, ಯಾಕಂದರೆ ಅದೇ ನೇರ, ಅದೇ ಅಗಲ. ಆಗ ಎಡಗಡೆ ಎದೆ ಸರಿಯಾಗಿ ಏಳುವುದಿಲ್ಲ. ಇಷ್ಟೆಲ್ಲ ಆದರೂ ತುಟಿ ಹತ್ತಿರದ ಅಂಕಿ ಹಾಗೇ ಇರಬಹುದು, ಅದಕ್ಕೇ ಅಂಕಿ ನೋಡಿ ಸುಮ್ಮನಾಗಬಾರದು, ಸ್ಟೆತ್ ಇಟ್ಟು ಎರಡೂ ಕಡೆ ಕೇಳಬೇಕು. ಮಗ್ಗುಲು ಬದಲಿಸಿದಾಗ, ಎಕ್ಸ್‌ರೇ ತೆಗೆದಾಗ, ಸ್ಟ್ರೆಚರ್‌ನಿಂದ ಹಾಸಿಗೆಗೆ ಎತ್ತಿ ಹಾಕಿದಾಗ, ಪ್ರತಿ ಸಲವೂ.

ಮಲೆನಾಡಿನಲ್ಲಿ ಈ ಎತ್ತಿ ಇಳಿಸುವ ಕೆಲಸ ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಟ್ಯೂಬ್ ಹಾಕಿಯೇ ಆಂಬುಲೆನ್ಸ್‌ನಲ್ಲಿ ಕಳಿಸುತ್ತಾರೆ. ಇಲ್ಲಿಂದ ಮಣಿಪಾಲಕ್ಕೆ ಹೊರಟವರು ಆಗುಂಬೆ ಘಾಟಿಯ ತಿರುವುಗಳನ್ನೆಲ್ಲ ಇಳಿಯಬೇಕು. ಮಳೆಗಾಲದ ರಸ್ತೆ ಹೇಗಿರುತ್ತದೆ ಗೊತ್ತಲ್ವಾ. ಬೆವರು, ಜೊಲ್ಲು ಸೇರಿ ಪ್ಲಾಸ್ಟರ್ ಬಿಟ್ಟುಕೊಳ್ಳುತ್ತದೆ. ಕೀಟನಾಶಕ ಕುಡಿದು ಬಂದವರಿಗಂತೂ ಬಾಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಕೆನ್ನೆಗೆ ಏನು ಅಂಟಿಸಿದರೂ ನಿಲ್ಲುವುದಿಲ್ಲ. ಅಂಥವರಿಗೆ ನಾನು ಬಟ್ಟೆಯ ಟೇಪನ್ನು ಟ್ಯೂಬಿಗೆ ಬಿಗಿಯಾಗಿ ಗಂಟು ಹಾಕಿ, ಕಿವಿ ಮಡಚದಂತೆ ಕುತ್ತಿಗೆ ಹಿಂದೆ ತಂದು ಕಟ್ಟುತ್ತೇನೆ. ಕುತ್ತಿಗೆ ಹತ್ತಿರ ಟೇಪಿನಡಿ ಒಂದು ಬೆರಳು ಹೋಗಬೇಕು. ಅದಕ್ಕಿಂತ ಬಿಗಿಯಾದರೆ ಮುಖ ಊದುತ್ತದೆ, ಸಡಿಲವಾದರೆ ಕಟ್ಟಿ ಪ್ರಯೋಜನವಿಲ್ಲ.

ರಕ್ತದ ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಕ್ಲಿಪ್ ನಂಬಿ ಕೂರಬೇಡಿ. ಆಕ್ಸಿಜನ್ ಚೆನ್ನಾಗಿ ಕೊಟ್ಟಿದ್ದರೆ ಟ್ಯೂಬ್ ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಅದು 98 ತೋರಿಸುತ್ತಲೇ ಇರಬಹುದು. ಬೇಗ ಸುಳಿವು ಕೊಡುವುದು ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್. ಪ್ರತಿ ಉಸಿರಿಗೂ ಅಲೆ ಬರಬೇಕು. ಟ್ಯೂಬ್ ಅನ್ನನಾಳದಲ್ಲಿದ್ದರೆ ಆ ಅಲೆ ಉಳಿಯುವುದಿಲ್ಲ, ಮಾಯವಾಗುತ್ತದೆ. ದುಡ್ಡು ಉಳಿಸಬೇಕಾದರೆ ಬೇರೆ ಕಡೆ ಉಳಿಸಲಿ, ಇದೊಂದು ಪ್ರತಿ ವೆಂಟಿಲೇಟರ್ ಪಕ್ಕದಲ್ಲಿ ಇರಲೇಬೇಕು ಎನ್ನುವುದು ನನ್ನ ಗಟ್ಟಿ ಮಾತು.

ಇನ್ನು ಟ್ಯೂಬಿನ ತುದಿ ಹತ್ತಿರ ಉಬ್ಬಿ ಶ್ವಾಸನಾಳದ ಸಂದು ಮುಚ್ಚುವ ಒಳಗಿನ ಬಲೂನ್. ಅದಕ್ಕೆ ಜೋಡಿಸಿದ ಹೊರಗಿನ ಪುಟ್ಟ ಬಲೂನ್ ಹಿಸುಕಿ ನೋಡಿ 'ಸರಿಯಿದೆ' ಎನ್ನುವ ಅಭ್ಯಾಸ ಎಲ್ಲ ಕಡೆ ಇದೆ. ಬೆರಳಿಗೆ ಅದು ತಿಳಿಯುವುದಿಲ್ಲ. ಗೇಜ್ ಹಾಕಿ ನೋಡಿ, 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡ ಇರಬೇಕು. ಕಡಿಮೆಯಾದರೆ ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಜಾಸ್ತಿಯಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹೋಗದೆ ಹುಣ್ಣಾಗುತ್ತದೆ, ಮುಂದೆ ಅಲ್ಲೇ ಕಿರಿದಾಗಿ ಉಸಿರಾಟಕ್ಕೇ ಕಷ್ಟವಾಗಬಹುದು.

ಕಟ್ಟುಹಾವು ಕಚ್ಚಿ ಬರುವವರ ವಿಷಯ ಬೇರೆಯೇ. ನೆಲದ ಮೇಲೆ ಮಲಗಿದ್ದಾಗ ರಾತ್ರಿ ಕಚ್ಚಿರುತ್ತದೆ, ನೋವೂ ಅಷ್ಟಿರುವುದಿಲ್ಲ, ಬೆಳಗಾಗುವಷ್ಟರಲ್ಲಿ ರೆಪ್ಪೆ ಎತ್ತಲಾಗುವುದಿಲ್ಲ, ಆಮೇಲೆ ಉಸಿರೂ ಸೋಲುತ್ತದೆ. ಟ್ಯೂಬ್ ಹಾಕಿ ಮಲಗಿಸಿದಾಗ ನೋಡುವವರಿಗೆ ಪೂರ್ತಿ ಎಚ್ಚರ ತಪ್ಪಿದ ಹಾಗೆ ಕಾಣುತ್ತದೆ. ಆದರೆ ಮಂಪರಿನ ಔಷಧಿ ಇಳಿದಾಗ ಅವರಿಗೆ ಎಲ್ಲ ಕೇಳುತ್ತಿರುತ್ತದೆ, ಉತ್ತರ ಕೊಡಲು ಮಾತ್ರ ಒಂದು ಸ್ನಾಯುವೂ ಕೆಲಸ ಮಾಡುವುದಿಲ್ಲ. ಹಾಗೆ ಇದ್ದು ಹುಷಾರಾದ ಒಬ್ಬರು ಆಮೇಲೆ ವಾರ್ಡಿನಲ್ಲಿ ನನ್ನ ದನಿ ಕೇಳಿಯೇ ಗುರುತು ಹಿಡಿದರು. ಮುಖ ಅವರು ನೋಡಿರಲೇ ಇಲ್ಲ. ಕಫ ತೆಗೆಯುವಾಗ ಉಸಿರೇ ಹೋದಂತಾಗುತ್ತಿತ್ತು, 'ಈಗ ಪೈಪ್ ಹಾಕ್ತೀನಿ, ಹತ್ತು ಎಣಿಸೋದರಲ್ಲಿ ಮುಗೀತದೆ' ಅಂತ ನೀವು ಹೇಳಿದ ದಿನ ಅಷ್ಟು ಹೆದರಿಕೆ ಆಗಲಿಲ್ಲ ಎಂದರು. ಹೀಗೆ ಕಫ ಎಳೆಯುವ ಸಕ್ಷನ್ 10-15 ಸೆಕೆಂಡ್ ಮೀರಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಪೇಷಂಟ್ ಕಿವಿಯಲ್ಲಿ ಹೇಳಿ ಮಾಡುವವರು ಕಡಿಮೆ. ದಯವಿಟ್ಟು ಹೇಳಿ.

ತಾಲ್ಲೂಕು ಆಸ್ಪತ್ರೆಯ ಗೆಳೆಯರಲ್ಲಿ ಒಂದು ಕೋರಿಕೆ. ರೆಫರ್ ಚೀಟಿಯಲ್ಲಿ ಟ್ಯೂಬ್ ಸೈಜ್, ಎಷ್ಟು ಸೆಂಟಿಮೀಟರ್‌ಗೆ ಕಟ್ಟಿದಿರಿ, ಎಷ್ಟು ಹೊತ್ತಿಗೆ ಹಾಕಿದಿರಿ, ಹಾಕಲು ಕಷ್ಟವಾಯಿತಾ, ಇಷ್ಟನ್ನು ಬರೆದುಬಿಡಿ. ಅವಸರದಲ್ಲಿ ಚೀಟಿ ಕಳೆದುಹೋಗುತ್ತದೆ ಅನಿಸಿದರೆ ಪೇಷಂಟ್ ಕೆನ್ನೆಯ ಪ್ಲಾಸ್ಟರ್ ಮೇಲೆಯೇ ಪೆನ್ನಿನಲ್ಲಿ ಆ ಸೆಂಟಿಮೀಟರ್ ಬರೆಯಿರಿ. ನಾವು ಬಾಗಿಲಲ್ಲೇ ನೋಡುತ್ತೇವೆ.