ರೈಲು ಬರುವ ಮೊದಲೇ ಶುರುವಾಗುವ ಊಟ

1900ರ ಆಸುಪಾಸಿನಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೋಗುವ ಸಾಂಟಾ ಫೆ ಕಂಪನಿಯ ರೈಲು ಊಟಕ್ಕೆಂದು ನಿಲ್ಲುತ್ತಿದ್ದದ್ದು ಸುಮಾರು ಅರ್ಧ ಗಂಟೆ. ಅಷ್ಟರೊಳಗೆ ಪ್ರಯಾಣಿಕ ಇಳಿದು, ಕೈತೊಳೆದು, ಬಿಳಿ ಲಿನನ್ ಹಾಸಿದ ಮೇಜಿಗೆ ಕೂತು, ಹಣ್ಣಿನಿಂದ ಹಿಡಿದು ಪೈ ಅನ್ನುವ ಸಿಹಿ ತಿನಿಸು, ಕಾಫಿವರೆಗೆ ಉಂಡು, ದುಡ್ಡು ಕೊಟ್ಟು ಮತ್ತೆ ಗಾಡಿ ಹತ್ತಬೇಕು. ಫ್ರೆಡ್ ಹಾರ್ವೆ ಕಂಪನಿಯ ಭೋಜನಶಾಲೆಗಳು ಇದನ್ನು ದಿನಾ ಮಾಡಿ ತೋರಿಸುತ್ತಿದ್ದವು. ಅಡುಗೆಯವರ ಕೈ ಚುರುಕಾಗಿತ್ತು ನಿಜ, ಆದರೆ ಅದೊಂದರಿಂದಲೇ ಇದು ಆಗುವ ಕೆಲಸವಲ್ಲ. ಎಷ್ಟು ಎಲೆ ಹಾಕಬೇಕು ಅನ್ನುವ ಲೆಕ್ಕ ಗಾಡಿಗಿಂತ ಮುಂಚೆ ಅಡುಗೆಮನೆ ಮುಟ್ಟುತ್ತಿತ್ತು.

ಅದಕ್ಕೂ ಹಿಂದೆ ರೈಲುದಾರಿಯ ಊಟವೆಂದರೆ ಕಮಟು ಹಂದಿಮಾಂಸ, ಡಬ್ಬಿಯ ಬೀನ್ಸ್, ಕಲ್ಲಿನಂಥ ಬಿಸ್ಕತ್ತು, ಕಹಿ ಕಾಫಿ. ಮೊದಲೇ ದುಡ್ಡು ಕಿತ್ತುಕೊಂಡು, ತಟ್ಟೆ ಮುಂದೆ ಬರುವ ಹೊತ್ತಿಗೆ ಗಾಡಿಯ ಸೀಟಿ ಹಾಕಿಸುವ ಒಳಒಪ್ಪಂದಗಳೂ ಇದ್ದವು. ಮುಟ್ಟದೆ ಬಿಟ್ಟ ಊಟ ಮುಂದಿನ ಗಾಡಿಯವರಿಗೆ! ಲಂಡನ್ನಿನಲ್ಲಿ ಹುಟ್ಟಿ ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದಿದ್ದ ಹಾರ್ವೆ 1876ರಲ್ಲಿ ಕಾನ್ಸಸ್‌ನ ಟೊಪೀಕಾ ನಿಲ್ದಾಣದಲ್ಲಿ ಮೊದಲ ಊಟದ ಕೋಣೆ ತೆರೆದ. 1901ರಲ್ಲಿ ಅವನು ತೀರಿಕೊಂಡಾಗ ಕಂಪನಿಯ ಕೈಯಲ್ಲಿ 47 ಭೋಜನಶಾಲೆ, 15 ಹೋಟೆಲು, 30 ಊಟದ ಬೋಗಿಗಳಿದ್ದವು. ಇಪ್ಪತ್ತನೇ ಶತಮಾನದಲ್ಲಿ ವ್ಯಾಪಾರ ಬೆಳೆಸಿದವರು ಅವನ ಮಕ್ಕಳು.

ಈಗ ಆ ಅರ್ಧ ಗಂಟೆ. ಊಟದ ನಿಲ್ದಾಣ ಇನ್ನೂ ದೂರವಿರುವಾಗಲೇ ರೈಲಿನ ಸಿಬ್ಬಂದಿ ಬೋಗಿ ಬೋಗಿಗೆ ಹೋಗಿ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: ಭೋಜನಶಾಲೆಯಲ್ಲಿ ಕೂತು ಉಣ್ಣುತ್ತೀರೋ, ಕೌಂಟರಿನಲ್ಲಿ ತಿನ್ನುತ್ತೀರೋ? ಎರಡೂ ಅಂಕಿ ದಾರಿಯ ಒಂದು ನಿಲ್ದಾಣದಿಂದ ತಂತಿಯಲ್ಲಿ ಹೋಗುತ್ತಿತ್ತು. ತಂತಿ ಬಂದ ಮೇಲೆ ಮೇಜು ಹಾಕುವುದು, ಮಾಂಸ ಅಳೆದು ಇಡುವುದು. ಗಾಡಿ ಇನ್ನೇನು ಒಂದು ಮೈಲಿ ದೂರವಿದೆ ಅನ್ನುವಾಗ ಎಂಜಿನ್ನಿನ ಸೀಟಿ ಕೇಳುತ್ತಿತ್ತು, ಆಗ ಮೊದಲ ತಿನಿಸು ಮೇಜಿಗೆ. ಈ ಎರಡು ಹಂತ ಬೇರೆಯಾಗಿದ್ದದ್ದು ಸುಮ್ಮನಲ್ಲ. ಹಣ್ಣು, ಸಲಾಡು ಕಾಯಬಲ್ಲವು, ಸ್ಟೇಕ್ ಕಾಯಲಾರದು. ತಂತಿಯನ್ನೇ ನಂಬಿ ಎಲ್ಲವನ್ನೂ ಒಲೆಗೆ ಏರಿಸಿದರೆ, ಗಾಡಿ ತಡವಾದ ದಿನ ಚರ್ಮದಂಥ ಮಾಂಸ ಬಡಿಸಬೇಕಾಗುತ್ತದೆ.

ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಜಾಗಟೆ ಹೊಡೆಯುತ್ತಿದ್ದ, ಯಾವ ಬಾಗಿಲಿಗೆ ಹೋಗಬೇಕೆಂದು ಪರಸ್ಥಳದವರಿಗೆ ಗೊತ್ತಾಗಲಿ ಅಂತ. ಕೂತವರಿಗೆ ಕಾಯುವ ಕೆಲಸವೇ ಇಲ್ಲ, ಹಣ್ಣು ಆಗಲೇ ಮುಂದಿದೆ. ಅವರು ಅದನ್ನು ತಿನ್ನುತ್ತಿರುವಾಗ ಒಬ್ಬಳು ಹುಡುಗಿ ಬಂದು ಕುಡಿಯಲು ಏನು ಬೇಕು ಎಂದು ಕೇಳಿ, ಕಪ್ಪನ್ನು ಸ್ವಲ್ಪ ಸರಿಸಿ ಮುಂದೆ ಹೋಗುತ್ತಿದ್ದಳು. ಹಿಂದೆಯೇ ಇನ್ನೊಬ್ಬಳು ಬಂದು ಏನೂ ಕೇಳದೆ ಸರಿಯಾದದ್ದನ್ನೇ ಬಗ್ಗಿಸುತ್ತಿದ್ದಳು. ಹೊಸಬರಿಗೆ ಇದು ಕಣ್ಕಟ್ಟಿನ ಹಾಗೆ ಕಾಣುತ್ತಿತ್ತು. ಸಂಗತಿ ಇಷ್ಟೇ: ಕಪ್ಪು ಬಸಿಯ ಮೇಲೆ ನೆಟ್ಟಗಿದ್ದರೆ ಕಾಫಿ; ಬೋರಲಾಗಿದ್ದರೆ ಬಿಸಿ ಚಹಾ; ಬೋರಲಾಗಿ ಬಸಿಯ ಅಂಚಿಗೆ ಓರೆಯಾಗಿ ಒರಗಿದ್ದರೆ ಐಸ್ ಹಾಕಿದ ಚಹಾ; ಬೋರಲಾಗಿ ಬಸಿಯಿಂದ ದೂರವಿದ್ದರೆ ಹಾಲು. ಚೀಟಿ ಇಲ್ಲ, ಕೂಗಾಟವಿಲ್ಲ. ಕೂತವರು ಕೈ ಸುಮ್ಮನಿರದೆ ಕಪ್ಪನ್ನು ತಿರುಗಿಸಿಬಿಟ್ಟರೆ ಮಾತ್ರ ಕಾಫಿ ಕೇಳಿದವರಿಗೆ ಹಾಲು. ನನ್ನ ಮಟ್ಟಿಗೆ ಹಾರ್ವೆ ಭೋಜನಶಾಲೆಗಳ ಅತಿ ಜಾಣ ಉಪಾಯ ಇದೇ: ಕೇಳುವವಳು ಅಡುಗೆಮನೆಗೆ ಓಡಬೇಕಿಲ್ಲ, ಬಗ್ಗಿಸುವವಳು ಬಾಯಿ ತೆರೆಯಬೇಕಿಲ್ಲ.

ದೊಡ್ಡ ಹರಿವಾಣದಲ್ಲಿ ಮಾಂಸ ಹೊತ್ತು ಬರುವುದು ಖುದ್ದು ಮ್ಯಾನೇಜರ್. ಇನ್ನೂ ಎಷ್ಟು ಹೊತ್ತಿದೆ, ನಿಮ್ಮನ್ನು ಬಿಟ್ಟು ಗಾಡಿ ಹೊರಡುವುದಿಲ್ಲ ಎಂದು ಧೈರ್ಯ ಹೇಳುವುದೂ ಅವನ ಕೆಲಸ. ಹಸಿದವನಿಗಿಂತ ಗಾಡಿ ತಪ್ಪೀತೆಂಬ ಅಂಜಿಕೆಯವನು ಬೇಗ ಎದ್ದುಬಿಡುತ್ತಾನಲ್ಲ. ಊಟದ ಬೆಲೆ ಬಹುಕಾಲ 75 ಸೆಂಟು. ಉಳಿದ ಕಡೆ ಒಂದು ಪೈಯನ್ನು ಆರು ಹೋಳು ಮಾಡಿದರೆ ಇಲ್ಲಿ ನಾಲ್ಕೇ. ಕಿತ್ತಳೆ ರಸ ಕೇಳಿದ ಮೇಲೆಯೇ ಹಿಂಡಬೇಕು, ಮೊದಲೇ ಹಿಂಡಿಟ್ಟರೆ ತಪ್ಪು. ಕಾಫಿ ಎರಡು ಗಂಟೆ ದಾಟಿದರೆ ಚೆಲ್ಲಿ ಹೊಸದು ಮಾಡಬೇಕು. ಕಾಫಿಗೆ ನೀರೂ ದೊಡ್ಡ ತಲೆನೋವು: ನ್ಯೂ ಮೆಕ್ಸಿಕೊ, ಅರಿಜೋನಾ ಕಡೆ ಸವಳು ನೀರು, ಎಂಥ ಬೀಜ ಹಾಕಿದರೂ ರುಚಿ ಕೆಡುತ್ತದೆ. ನೀರು ಪರೀಕ್ಷೆ ಮಾಡಿಸಿ, ಬೇಕಾದ ಕಡೆ ಒಳ್ಳೆಯ ನೀರನ್ನು ರೈಲಿನಲ್ಲೇ ತರಿಸುತ್ತಿದ್ದರು. 1905ರ ಜನವರಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ತೆರೆದ ಎಲ್ ತೋವಾರ್ ಹೋಟೆಲಿಗಂತೂ 120 ಮೈಲಿ ದೂರದ ಡೆಲ್ ರಿಯೋದಿಂದ ಟ್ಯಾಂಕರ್ ಬೋಗಿಗಳಲ್ಲಿ ನೀರು ಬರುತ್ತಿತ್ತು.

ಇದೆಲ್ಲ 75 ಸೆಂಟಿಗೆ ಹೇಗೆ ಗಿಟ್ಟುತ್ತಿತ್ತು? ಸಾಮಾನು, ಮಂಜುಗಡ್ಡೆ, ಕೆಲಸದವರು ಎಲ್ಲವನ್ನೂ ರೈಲು ಕಂಪನಿ ಪುಕ್ಕಟೆ ಸಾಗಿಸುತ್ತಿತ್ತು. ಊಟ ಚೆನ್ನಾಗಿದ್ದರೆ ಟಿಕೆಟ್ಟು ಹೆಚ್ಚು ಹೋಗುತ್ತದೆ, ಅದು ಅವರ ಲಾಭ. ಸರಕು ಒಂದೇ ಕಡೆಯಿಂದ ಬಂದರೂ ಊಟದ ಪಟ್ಟಿ ಎಲ್ಲ ಕಡೆ ಒಂದೇ ಇರಬಾರದು. ಷಿಕಾಗೋದಿಂದ ಹೊರಟವನಿಗೆ ಮೂರು ನಿಲ್ದಾಣದಲ್ಲೂ ಅದೇ ಸಿಕ್ಕರೆ ಬೇಸರ. ಅದಕ್ಕೆ ನಾಲ್ಕು ದಿನದ ಸುತ್ತು ಹಾಕಿ ಪಟ್ಟಿ ಬದಲಿಸುತ್ತಿದ್ದರು.

ಬಡಿಸುವ ಹುಡುಗಿಯರು ಮೊದಲು ಬಂದದ್ದು 1883ರಲ್ಲಿ, ನ್ಯೂ ಮೆಕ್ಸಿಕೊದ ರಟೋನ್‌ನ ಭೋಜನಶಾಲೆಗೆ. ಅಲ್ಲಿನ ಮಾಣಿಗಳ ಹೊಡೆದಾಟದಿಂದ ರೋಸಿಹೋಗಿ ಎಲ್ಲರನ್ನೂ ತೆಗೆದು ಹುಡುಗಿಯರನ್ನು ನೇಮಿಸಿದರು. ವಯಸ್ಸು 18ರಿಂದ 30, ತಿಂಗಳಿಗೆ 17.50 ಡಾಲರ್, ಊಟ, ವಸತಿ, ಮೇಲೆ ಟಿಪ್ಸು. ಕಪ್ಪು ಉಡುಪಿನ ಮೇಲೆ ಕಲೆಯಿಲ್ಲದ ಬಿಳಿ ಏಪ್ರನ್. ರಾತ್ರಿ ಹತ್ತಕ್ಕೆ ಕೋಣೆ ಸೇರಬೇಕು. ಕರಾರು ಮುಗಿಯುವವರೆಗೆ ಮದುವೆಯಾಗುವ ಹಾಗಿಲ್ಲ.

ಶಿಸ್ತು ಉಣ್ಣುವವರಿಗೂ ಇತ್ತು. ಭೋಜನಶಾಲೆಯಲ್ಲಿ ಗಂಡಸರು ಕೋಟು ಹಾಕಲೇಬೇಕು. ಇಲ್ಲದವರಿಗೆಂದು ಅಲ್ಪಾಕಾ ಬಟ್ಟೆಯ ಕೋಟುಗಳನ್ನು ಬಾಗಿಲಲ್ಲೇ ಇಟ್ಟಿರುತ್ತಿದ್ದರು. ಒಕ್ಲಹೋಮದಲ್ಲಿ ಇದು ಜಗಳಕ್ಕೆ ತಿರುಗಿತು. ಸೆಕೆನಾಡಿನಲ್ಲಿ ಇದೆಂಥ ನಿಯಮವೆಂದು ಕಂಪನಿಗಳ ಮೇಲೆ ನಿಗಾ ಇಡುವ ಅಲ್ಲಿನ ಕಾರ್ಪೊರೇಷನ್ ಆಯೋಗ 1921ರಲ್ಲಿ ಅದನ್ನು ರದ್ದು ಮಾಡಲು ಹೇಳಿತು. ಕಂಪನಿ ಮೇಲ್ಮನವಿ ಹೋಯಿತು. 1924ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಅಂಗಿಯಲ್ಲೇ ಉಣ್ಣುವ ಹಟದವರಿಗೆ ಪಕ್ಕದ ಕೌಂಟರ್ ಇದ್ದೇ ಇತ್ತು, ಅಲ್ಲಿ ಕೋಟಿನ ಮಾತಿಲ್ಲ.

ಊಟದ ಬೋಗಿಗಳು ಹೆಚ್ಚಿದಂತೆ ಗಾಡಿ ಊಟಕ್ಕೆ ನಿಲ್ಲುವುದು ಕಡಿಮೆಯಾಯಿತು. ಆಮೇಲೆ ಕಾರು ಬಂತು. ಅರಿಜೋನಾದ ವಿನ್ಸ್‌ಲೋದಲ್ಲಿ ಹಾರ್ವೆ ಕಂಪನಿಗಾಗಿ ವಾಸ್ತುಶಿಲ್ಪಿ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ ಲಾ ಪೊಸಾದಾ ಹೋಟೆಲು 1930ರಲ್ಲಿ ತೆರೆದು 1957ರಲ್ಲಿ ಮುಚ್ಚಿತು, ಅಲ್ಲಿ ರೈಲು ಕಂಪನಿಯ ಕಚೇರಿಗಳು ಕೂತವು. 1997ರಲ್ಲಿ ಮತ್ತೆ ಹೋಟೆಲಾಯಿತು. ಈಗಲೂ ಹಳಿಯ ಕಡೆಯ ಬಾಗಿಲಿನಿಂದ ನೇರ ಒಳಗೆ ಹೋಗಬಹುದು.